ಬಟಾಣಿಯ ಮೊಳಕೆಯಿಂದ ಹರಿಶ್ಚಂದ್ರನವರೆಗೆ

ಗಿರಗಾಂವದಿಂದ ಗ್ರಾಂಟ್ ರೋಡಿನವರೆಗಿನ ಬೀದಿಗಳು ಮುಂಬಯಿಯ ಕನ್ನಡಿಗರಿಗೆ ಅಪರಿಚಿತವಲ್ಲ. ಹೋಟೆಲಿನ ಕೆಲಸ ತೀರಿಸಿ ನಡುರಾತ್ರಿ ಈ ಬೀದಿಗಳಲ್ಲಿ ಕೊಠಡಿಗೆ ಮರಳಿದ ನಮ್ಮವರು ಎಷ್ಟೋ ಮಂದಿ. ಅವರಲ್ಲಿ ಕೆಲವರ ತಲೆಯಲ್ಲಾದರೂ ಒಂದು ನಾಟಕವೋ, ಒಂದು ಕಾದಂಬರಿಯೋ, ಊರಿನ ಮೇಳವನ್ನು ಇಲ್ಲಿಯೂ ಕಟ್ಟಬೇಕೆಂಬ ಕನಸೋ ಸುಳಿದಾಡಿರಲೇಬೇಕು. ಕಲ್ಪನೆಗೆ ನಮ್ಮಲ್ಲಿ ಎಂದೂ ಬರಗಾಲವಿಲ್ಲ. ಬರಗಾಲವಿರುವುದು ಅದನ್ನು ಕೊನೆಮುಟ್ಟಿಸುವುದಕ್ಕೆ. ನಮ್ಮ ಮೇಜಿನ ಖಾನೆಯಲ್ಲಿಯೇ ಮೊದಲ ಅಂಕಕ್ಕೆ ನಿಂತುಹೋದ ಎರಡು ನಾಟಕಗಳು ಧೂಳು ತಿನ್ನುತ್ತಿವೆಯೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಆದುದರಿಂದಲೇ, ಇದೇ ಬೀದಿಗಳಲ್ಲಿ ಒಂದು ಕಲ್ಪನೆಯನ್ನು ಹಿಡಿದು ಅದನ್ನು ಪೂರ್ಣಗೊಳಿಸಿದ ಒಬ್ಬರ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇವೆ.

ಧುಂಡಿರಾಜ ಗೋವಿಂದ ಫಾಲ್ಕೆಯವರು 1870ರಲ್ಲಿ ತ್ರ್ಯಂಬಕೇಶ್ವರದಲ್ಲಿ ಹುಟ್ಟಿದರು. ಚಿತ್ರಕಲೆ, ಛಾಯಾಗ್ರಹಣ, ಮುದ್ರಣ ಎಲ್ಲದರಲ್ಲಿಯೂ ಕೈಯಾಡಿಸಿದವರು. 1910-11ರ ಸುಮಾರಿಗೆ ಗಿರಗಾಂವದಲ್ಲಿ ಕ್ರಿಸ್ತನ ಜೀವನವನ್ನು ಕುರಿತ ಮೂಕಚಿತ್ರವೊಂದನ್ನು ಅವರು ನೋಡಿದರು. ನಮ್ಮ ರಾಮಕೃಷ್ಣರೂ ಹೀಗೆಯೇ ತೆರೆಯ ಮೇಲೆ ಬಂದರೆ ಹೇಗೆಂಬ ಯೋಚನೆ ಅಂದೇ ಹೊಳೆಯಿತು. ಆಗ ಅವರ ವಯಸ್ಸು ನಲವತ್ತರ ಆಸುಪಾಸು. ಪಾಲುದಾರರೊಡನೆ ಮನಸ್ತಾಪವಾಗಿ ಮುದ್ರಣದ ಉದ್ಯೋಗವನ್ನು ಬಿಟ್ಟಿದ್ದರು. ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು, ಕೈಯಲ್ಲಿ ಹಣವಿರಲಿಲ್ಲ.

ಇಂತಹ ಸ್ಥಿತಿಯಲ್ಲಿ ನಾವಾಗಿದ್ದರೆ ಮೊದಲು ಒಂದು ಸಮಿತಿಯನ್ನು ನೇಮಿಸುತ್ತಿದ್ದೆವು, ಬಳಿಕ ಕರಪತ್ರವನ್ನು ಅಚ್ಚು ಹಾಕಿಸುತ್ತಿದ್ದೆವು! ಫಾಲ್ಕೆಯವರು ಹಾಗೆ ಮಾಡಲಿಲ್ಲ. ತಮಗೆ ಏನು ಗೊತ್ತಿಲ್ಲವೆಂಬುದನ್ನು ಮೊದಲು ಲೆಕ್ಕ ಹಾಕಿದರು. ಸಿಕ್ಕ ಚಿತ್ರಗಳನ್ನೆಲ್ಲ ನೋಡಿ, ಫಿಲ್ಮಿನ ಸುರುಳಿಗಳನ್ನು ಬಿಡಿಸಿ ಪರೀಕ್ಷಿಸಿದರು. ನಿದ್ದೆಯಿಲ್ಲದ ಈ ದುಡಿಮೆಯಿಂದ ಕೆಲಕಾಲ ಕಣ್ಣೇ ಕಾಣದಂತಾಗಿ, ಚಿಕಿತ್ಸೆಯಿಂದ ದೃಷ್ಟಿ ಮರಳಿತು. ಅನಂತರ ಜೀವವಿಮೆಯ ಪತ್ರಗಳನ್ನು ಅಡವಿಟ್ಟು 1912ರ ಫೆಬ್ರುವರಿಯಲ್ಲಿ ಲಂಡನ್ನಿಗೆ ಹಡಗು ಹತ್ತಿದರು. ಅಲ್ಲಿದ್ದುದು ಸುಮಾರು ಎರಡು ವಾರ ಮಾತ್ರ. ಚಿತ್ರ ತಯಾರಿಸುವವರ ಕೆಲಸವನ್ನು ಕಣ್ಣಾರೆ ಕಂಡು, 50 ಪೌಂಡಿನ ವಿಲಿಯಮ್ಸನ್ ಕ್ಯಾಮರಾವನ್ನು ಗೊತ್ತುಮಾಡಿ, ಏಪ್ರಿಲ್ ಆರಂಭಕ್ಕೆ ಮುಂಬಯಿಗೆ ಮರಳಿದರು.

ಇನ್ನು ಮುಂದಿನದೇ ನಮಗೆ ಅತ್ಯಂತ ಕುತೂಹಲಕರವಾಗಿ ತೋರುವ ಸಂಗತಿ. ಯಂತ್ರ ಬಂದೊಡನೆ ಅವರು ಹರಿಶ್ಚಂದ್ರನಿಗೆ ಕೈಹಾಕಲಿಲ್ಲ. ಹಣ ಕೊಡಬೇಕಾದವರು ಚಲಚ್ಚಿತ್ರವೆಂದರೆ ವಿಲಾಯತಿಯವರಿಗಷ್ಟೇ ಸಾಧ್ಯವೆಂದು ತಿಳಿದಿದ್ದ ಕಾಲವದು. ಬಾಯಿಮಾತಿನಿಂದ ಆ ಸಂಶಯ ಹೋಗುವಂತಿರಲಿಲ್ಲ. ಫಾಲ್ಕೆಯವರು ಒಂದು ಕುಂಡದಲ್ಲಿ ಬಟಾಣಿಯನ್ನು ಬಿತ್ತಿ, ಅದರ ಎದುರಿಗೆ ಕ್ಯಾಮರಾವನ್ನು ನಿಲ್ಲಿಸಿದರು. ತಿಂಗಳಿಗೂ ಮಿಕ್ಕಿ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಅದನ್ನೇ ಚಿತ್ರಿಸುತ್ತ ಹೋದರು. ಎಲ್ಲವೂ ಸೇರಿದಾಗ ನಿಮಿಷವೊಂದರಷ್ಟು ಹೊತ್ತಿನ ಚಿತ್ರವಾಯಿತು: ಬೀಜ ಬಿರಿಯಿತು, ಮೊಳಕೆ ತಲೆಯೆತ್ತಿತು, ನೋಡುತ್ತಿದ್ದಂತೆಯೇ ಬಳ್ಳಿಯಾಯಿತು. ಅದನ್ನು ಕಂಡವರು ಬೆರಗಾದರು. ಸಾಲವೂ ದೊರೆಯಿತು, ಪತ್ನಿಯ ಒಡವೆಗಳ ಆಧಾರದ ಮೇಲೆ. ಕುಂಡವೊಂದು, ಬೀಜವೊಂದು, ತಿಂಗಳ ತಾಳ್ಮೆ. ದೊಡ್ಡ ಚಿತ್ರಕ್ಕೆ ಬೇಕಾದ ಒಂದೊಂದು ವಿದ್ಯೆಯೂ ಈ ಪುಟ್ಟ ಚಿತ್ರದಲ್ಲಿಯೇ ಪರೀಕ್ಷೆಗೊಳಗಾಗಿತ್ತೆಂಬುದನ್ನು ಮರೆಯಲಾಗದು.

ಸರಸ್ವತೀಬಾಯಿಯವರ ಪಾಲು ಒಡವೆಗಳಿಗೆ ಮುಗಿಯಲಿಲ್ಲ. ಆಗ ಬರುತ್ತಿದ್ದ ಕಚ್ಚಾ ಫಿಲ್ಮಿನ ಅಂಚಿಗೆ ರಂಧ್ರಗಳಿರುತ್ತಿರಲಿಲ್ಲ. ಕತ್ತಲೆಯ ಕೋಣೆಯಲ್ಲಿ ಕುಳಿತು ಅವನ್ನು ಕೊರೆಯಬೇಕಾಗಿತ್ತು. ಆ ಕೆಲಸವನ್ನೂ ಫಿಲ್ಮು ತೊಳೆಯುವುದನ್ನೂ ಆಕೆ ಕಲಿತರು. ದಾದರಿನಲ್ಲಿ ಚಿತ್ರೀಕರಣ ಮೊದಲಾದ ಮೇಲೆ ತಂಡದವರಿಗೆಲ್ಲ ಅಡಿಗೆ ಮಾಡಿ ಬಡಿಸಿದವರೂ ಆಕೆಯೇ. ಅಡಿಗೆಮನೆಯ ದುಡಿಮೆಯನ್ನು ಬಲ್ಲ ನಮ್ಮ ವಾಚಕರಿಗೆ ಇದರ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ಸಿದ್ಧವಾದರೂ ತಾರಾಮತಿ ಮಾತ್ರ ಸಿಕ್ಕಲಿಲ್ಲ. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಮನೆತನದ ಹೆಂಗಸರಿರಲಿ, ವೇಶ್ಯಾವಾಟಿಕೆಯವರು ಸಹ ಒಪ್ಪಲಿಲ್ಲ. ಸಿನೇಮಾದಲ್ಲಿ ಕೆಲಸವೆಂದರೆ ಅಷ್ಟು ಅಗೌರವ. ನಟರು ಕೂಡ ಕೇಳಿದವರಿಗೆ 'ಹರಿಶ್ಚಂದ್ರನ ಕಾರಖಾನೆಯಲ್ಲಿ ನೌಕರಿ' ಎಂದು ಹೇಳಬೇಕೆಂದು ಫಾಲ್ಕೆಯವರು ಸೂಚಿಸಿದ್ದರಂತೆ. ಕೊನೆಗೆ ಗ್ರಾಂಟ್ ರೋಡಿನ ಒಂದು ಉಪಾಹಾರಗೃಹದಲ್ಲಿ ಚಹ ಕುಡಿಯಲು ಹೋದಾಗ ಅವರ ಕಣ್ಣು ಅಲ್ಲಿ ದುಡಿಯುತ್ತಿದ್ದ ತರುಣನೊಬ್ಬನ ಮೇಲೆ ಬಿತ್ತು. ತೆಳ್ಳನೆಯ ಮೈಕಟ್ಟು, ನೀಳವಾದ ಬೆರಳುಗಳು. ಹೆಸರು ಅಣ್ಣಾ ಸಾಳುಂಕೆ. ಸಂಬಳ ತಿಂಗಳಿಗೆ 10 ರೂಪಾಯಿ. ಫಾಲ್ಕೆಯವರು 15 ಕೊಡುವೆನೆಂದರು. ಹೀಗೆ ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರದ ರಾಣಿ ಹೋಟೆಲಿನಿಂದ ಬಂದಳು.

ಆರು ತಿಂಗಳು ಇಪ್ಪತ್ತೇಳು ದಿನಗಳ ದುಡಿಮೆಯಿಂದ ಸುಮಾರು 3,700 ಅಡಿ ಉದ್ದದ 'ರಾಜಾ ಹರಿಶ್ಚಂದ್ರ' ಸಿದ್ಧವಾಯಿತು. 1913ರ ಮೇ 3ರಂದು ಗಿರಗಾಂವದ ಕಾರೊನೇಶನ್ ಚಿತ್ರಮಂದಿರದಲ್ಲಿ ಅದು ಸಾರ್ವಜನಿಕರೆದುರು ತೆರೆಕಂಡಿತು. ಇಂದು ಅದರ ಒಂದು ಭಾಗ ಮಾತ್ರ ಉಳಿದಿದೆ.

ಸಾಳುಂಕೆ ಮತ್ತೆ ಹೋಟೆಲಿನ ಕೆಲಸಕ್ಕೆ ಮರಳಲಿಲ್ಲ. 1917ರ 'ಲಂಕಾದಹನ'ದಲ್ಲಿ ರಾಮನೂ ಅವನೇ, ಸೀತೆಯೂ ಅವನೇ. ಸೀತೆಯ ಸೀರೆಯ ಮರೆಯಿಂದ ರಾಮನ ತೋಳಿನ ಸ್ನಾಯುಗಳು ಇಣುಕುತ್ತಿದ್ದವೆಂದು ಕೆಲವರು ನಕ್ಕರಂತೆ. ಆದರೂ ಆ ಚಿತ್ರವನ್ನು ನೋಡಲು ಜನ ಮುಗಿಬಿದ್ದರು.