ಕೊರಳಹಾರದಂಥ ಒಂದು ಸಂಖ್ಯೆ

12345654321. ಇದನ್ನು ಬಾಯಿಬಿಟ್ಟು ಓದಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಬೈಲಹೊಂಗಲದ ಪೇಟೆಯ ಖಾತೆಪುಸ್ತಕದಲ್ಲಿ ಇಂಥ ಮೊತ್ತ ಬಂದರೆ ಗುಮಾಸ್ತನು ಕಣ್ಣುಜ್ಜಿಕೊಂಡು ಮತ್ತೊಮ್ಮೆ ಕೂಡಿಸಿಯಾನು! ಎಡದಿಂದ ಓದಿದರೂ ಬಲದಿಂದ ಓದಿದರೂ ಇದು ಒಂದೇ.

ಗಣಿತವು ಇಂಗ್ಲಿಷ್ ಶಾಲೆಗಳೊಡನೆ ನಮ್ಮ ನಾಡಿಗೆ ಬಂದಿತೆಂದು ಕಿತ್ತೂರು, ರಾಮದುರ್ಗದ ಕಡೆಯಿಂದ ಬರುವ ನನ್ನ ಕಲಾವಿಭಾಗದ ಗೆಳೆಯರಲ್ಲಿ ಕೆಲವರು ನಂಬಿದ್ದಾರೆ. ಅವರು ಈ ಸಂಖ್ಯೆಯ ಊರನ್ನು ಕೇಳಬೇಕು. ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ ಜೈನ ಪಂಡಿತನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಇದು ಬರುತ್ತದೆ. ಆ ಗ್ರಂಥದ ಆರಂಭದಲ್ಲಿಯೇ ಆತನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾನೆ. ಸವದತ್ತಿಯಿಂದ ಆಳಿದ ರಟ್ಟರು ಮೊದಲು ಈ ರಾಷ್ಟ್ರಕೂಟರ ಸಾಮಂತರೇ. ಆದುದರಿಂದ ಈ ಸಂಖ್ಯೆ ನಮಗೆ ದೂರದ ನೆಂಟನೇನೂ ಅಲ್ಲ.

ಆಚಾರ್ಯನು ಇದನ್ನು ಗುಣಾಕಾರದ ಲೆಕ್ಕವಾಗಿ ಕೊಡುತ್ತಾನೆ: 27994681ನ್ನು 441ರಿಂದ ಗುಣಿಸು. ಎರಡರಲ್ಲಿಯೂ ಅಂದವೆಂಬುದಿಲ್ಲ; ಲಬ್ಧದಲ್ಲಿ ಮಾತ್ರ ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಅಂಕಿಗಳು. ಇಂಥ ಕೆಲವು ಲಬ್ಧಗಳನ್ನು ಆತನು ಕಂಠಾಭರಣಗಳೆಂದು ಕರೆದಿದ್ದಾನೆ.

ಇದರ ಗುಟ್ಟೇನು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಎಂದಮೇಲೆ ನಮ್ಮ ಸಂಖ್ಯೆ 111111ರ ವರ್ಗವಲ್ಲದೆ ಬೇರೆಯಲ್ಲ. ಪಾಟಿಯ ಮೇಲೆ ಗುಣಿಸಿ ನೋಡಿರಿ. ಆರು ಒಂದುಗಳ ಸಾಲನ್ನು ಆರು ಸಲ, ಪ್ರತಿ ಸಲವೂ ಒಂದು ಮನೆ ಎಡಕ್ಕೆ ಸರಿಸಿ ಬರೆಯಬೇಕು. ಬಲಗಡೆಯ ಕೊನೆಯ ಮನೆಯಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ಹೀಗೆ ನಡುಮನೆಯಲ್ಲಿ ಆರು ಒಂದುಗಳು ಕೂಡುತ್ತವೆ, ಆಮೇಲೆ ಇಳಿಯುತ್ತವೆ. ಎಲ್ಲಿಯೂ ದಶಕ ಏರುವುದಿಲ್ಲ. ಹಾರ ಕೆಡದಿರಲು ಅದೇ ಕಾರಣ. ಒಂಬತ್ತು ಒಂದುಗಳವರೆಗೂ ಹೀಗೆಯೇ ನಡೆಯುತ್ತದೆ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುಮನೆಯಲ್ಲಿ ಹತ್ತು ಕೂಡಿ ದಶಕ ಏರುತ್ತದೆ. 1234567900987654321 ಎಂದಾಗಿ ಮಣಿಗಳು ಕದಡುತ್ತವೆ.

ಇನ್ನೊಂದು ಗುಣ ನನಗೆ ಹಾರದ ಅಂದಕ್ಕಿಂತಲೂ ಹೆಚ್ಚು ಹಿಡಿಸಿದೆ. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಅದರ ವರ್ಗದಲ್ಲಿ ಪ್ರತಿಯೊಂದೂ ಎರಡೆರಡು ಸಲ ಇರುತ್ತದೆ. ಒಂದು ಭಾಜಕವನ್ನು ಕಟ್ಟುವಾಗ ಇವುಗಳಲ್ಲಿ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೇ ಎರಡು ಸಲ ತೆಗೆದುಕೊಳ್ಳಬಹುದು. ಮೂರು ದಾರಿಗಳಂತೆ ಐದು ಸಲ: 3×3×3×3×3, ಅಂದರೆ 243 ಭಾಜಕಗಳು. 441 ಅವುಗಳಲ್ಲೊಂದು. ಆಚಾರ್ಯನು 9ನ್ನೋ 121ನ್ನೋ ಆರಿಸಿದ್ದರೂ ಅದೇ ಹಾರ ಬರುತ್ತಿತ್ತು.

ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಅದರಲ್ಲಿ ಇಂಥ ಲೆಕ್ಕಗಳು ಇನ್ನೂ ಇವೆ. 152207ನ್ನು 73ರಿಂದ ಗುಣಿಸಿರಿ: ಎಂಟು ಒಂದುಗಳು ಬರುತ್ತವೆ. ಅವುಗಳ ವರ್ಗ ಮಾಡಿದರೆ 123456787654321.