ಕ್ಯಾಬಿನ್ ಮೊದಲು, ಟಾಕೀಸು ಆಮೇಲೆ

ಟಾಕೀಸಿಗೆ ಬಂದವರೆಲ್ಲ ಪರದೆ ನೋಡಿದರೆ ನಾನು ಕತ್ತು ತಿರುಗಿಸಿ ಹಿಂದಿನ ಗೋಡೆಯ ಕಿಂಡಿಗಳನ್ನು ನೋಡುತ್ತೇನೆ. ಆ ಕಿಂಡಿಗಳ ಆಚೆ, ಪ್ರೊಜೆಕ್ಟರಿನ ಕ್ಯಾಬಿನ್ನಿನಲ್ಲಿ ನಿಂತು ವರ್ಷಗಟ್ಟಲೆ ಆರ್ಕ್ ದೀಪದ ಕಾರ್ಬನ್ ಕಡ್ಡಿ ಉರಿಸಿದ ಆಪರೇಟರ್ ನಾನು, ಚಾಳಿ ಬಿಡದು. ಮಗಳ ಮನೆಗೆಂದು ಲಂಡನ್ನಿಗೆ ಹೋದಾಗ ಪೋರ್ಟೊಬೆಲೊ ರಸ್ತೆಯ ‘ಎಲೆಕ್ಟ್ರಿಕ್ ಸಿನಿಮಾ’ದಲ್ಲೂ ಅದನ್ನೇ ಮಾಡಿದೆ.

ಆ ಕಟ್ಟಡ ಬಾಗಿಲು ತೆರೆದದ್ದು 1911ರ ಫೆಬ್ರುವರಿ 24ರಂದು. ಸಿನಿಮಾ ತೋರಿಸುವುದಕ್ಕೆಂದೇ ಬ್ರಿಟನ್ನಿನಲ್ಲಿ ಕಟ್ಟಿದ ಮೊದಮೊದಲ ಮಂದಿರಗಳಲ್ಲಿ ಒಂದು. ಅಲ್ಲಿಯವರೆಗೆ ಜಾತ್ರೆಯ ಡೇರೆ, ಖಾಲಿ ಬಿದ್ದ ಅಂಗಡಿ, ನಾಟಕಶಾಲೆ, ಸಿಕ್ಕಿದ್ದೇ ಸಿನಿಮಾದ ಮನೆ. ಪ್ರೊಜೆಕ್ಟರ್ ಮಷೀನು ಎಷ್ಟೋ ಕಡೆ ಜನರ ನಡುವೆಯೇ ಗಿರಗಿರ ಅನ್ನುತ್ತಿತ್ತು.

ಅದು ಎಂಥ ಅಪಾಯವೆಂದು ಫಿಲ್ಮು ಮುಟ್ಟಿದವರಿಗೆ ಗೊತ್ತು. ಆಗಿನದು ನೈಟ್ರೇಟ್ ಫಿಲ್ಮು. ಒಮ್ಮೆ ಹೊತ್ತಿಕೊಂಡರೆ ಅದಕ್ಕೆ ಹೊರಗಿನ ಗಾಳಿಯೂ ಬೇಡ, ತನ್ನೊಳಗಿನ ಆಮ್ಲಜನಕದಲ್ಲೇ ಉರಿಯುತ್ತದೆ. ನೀರಿನಲ್ಲಿ ಅದ್ದಿದರೂ ಆರದು. ಫಿಲ್ಮು ಹಾದುಹೋಗುವ ಗೇಟಿನಲ್ಲಿ ರೀಲು ಸಿಕ್ಕಿಕೊಂಡು ಒಂದು ಫ್ರೇಮು ಆರ್ಕ್ ದೀಪದ ಎದುರು ನಿಂತುಬಿಟ್ಟರೆ ಕಥೆ ಮುಗಿಯಿತು. ದೀಪವೂ ಕಡಿಮೆಯದಲ್ಲ. 1897ರಲ್ಲಿ ಪ್ಯಾರಿಸ್ಸಿನ ಒಂದು ಸಹಾಯಾರ್ಥ ಮೇಳದಲ್ಲಿ ಪ್ರೊಜೆಕ್ಟರಿನ ಈಥರ್ ದೀಪದಿಂದ ಬೆಂಕಿ ಎದ್ದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ಹೆಂಗಸರು.

ಇಂಥ ಬೆಂಕಿಯ ಭಯಕ್ಕೇ ಬ್ರಿಟನ್ನಿನ ಸಿನಿಮಾಟೋಗ್ರಾಫ್ ಕಾಯಿದೆ ಬಂದದ್ದು 1909ರಲ್ಲಿ, ಜಾರಿಯಾದದ್ದು 1910ರ ಜನವರಿಯಿಂದ. ಅದರ ನಿಯಮದಂತೆ ಮಷೀನು ಬೆಂಕಿಗೆ ಜಗ್ಗದ ಪ್ರತ್ಯೇಕ ಕೋಣೆಯಲ್ಲಿರಬೇಕು. ಕಿಂಡಿಗಳಿಗೆ ತಟ್ಟನೆ ಬೀಳುವ ಮುಚ್ಚಳ ಬೇಕು, ಅದನ್ನು ಒಳಗಿನಿಂದಲೂ ಹೊರಗಿನಿಂದಲೂ ಬೀಳಿಸಲು ಬರಬೇಕು. ಆ ‘ಹೊರಗಿನಿಂದಲೂ’ ಎಂಬ ಮಾತು ಓದಿದಾಗ ನನಗೆ ಮೈ ಜುಮ್ಮೆಂದಿತು. ಒಳಗಿದ್ದವನಿಗೆ ಕೈ ಎತ್ತಲಾಗದ ಹೊತ್ತನ್ನೂ ಕಾನೂನು ಬರೆದವರು ಲೆಕ್ಕ ಹಾಕಿದ್ದಾರೆ.

ಡೇರೆಗೂ ಅಂಗಡಿಗೂ ಇಂಥ ಕೋಣೆ ಸೇರಿಸುವುದು ಕಷ್ಟ. ಹಾಗಾಗಿ ಹೊಸ ಕಟ್ಟಡಗಳು ಎದ್ದವು. ಚಿತ್ರಮಂದಿರ ಎಂಬ ಆಕಾರ ಹುಟ್ಟಿದ್ದರಲ್ಲಿ ಕಲೆಯಷ್ಟೇ ಪಾಲು ಬೆಂಕಿಯ ಭಯಕ್ಕೂ ಇದೆ ಅನ್ನುವುದು ನನ್ನ ಅಭಿಪ್ರಾಯ. ವಾಸ್ತುಶಿಲ್ಪಿಗಳು ಬೇಕಾದರೆ ಜಗಳಕ್ಕೆ ಬರಲಿ.

ಎಲೆಕ್ಟ್ರಿಕ್‌ನ ವಾಸ್ತುಶಿಲ್ಪಿ ಜೆರಾಲ್ಡ್ ಸೀಮೋರ್ ವ್ಯಾಲೆಂಟಿನ್. ಎಡ್ವರ್ಡ್ ದೊರೆಯ ಕಾಲದ ಬರೋಕ್ ಶೈಲಿ: ಅಂಗಡಿಸಾಲಿನಲ್ಲಿ ಎದ್ದು ಕಾಣುವ ಮುಂಭಾಗ, ಒಳಗೆ ಉದ್ದನೆಯ ಹಾಲು, ಎತ್ತಿನ ಗಾಡಿಯ ಕಮಾನಿನ ಹಾಗೆ ಬಾಗಿದ ಮಾಡು, ಅದರ ಮೇಲೂ ಗೋಡೆಗಳ ಮೇಲೂ ಗಾರೆಯ ಕುಸುರಿ. ಇಷ್ಟು ಶೃಂಗಾರ ಯಾಕೆ? ಸಿನಿಮಾ ಆಗ ಜಾತ್ರೆಯ ತಮಾಷೆ. ಮರ್ಯಾದಸ್ಥರನ್ನು ಒಳಗೆ ಕರೆಯಬೇಕಾದರೆ ನಾಟಕಶಾಲೆಯ ಗತ್ತು ಬೇಕಿತ್ತು. ಎಲೆಕ್ಟ್ರಿಕ್ ಎಂಬ ಹೆಸರೂ ಗತ್ತೇ, ಕರೆಂಟು ಇನ್ನೂ ಹೊಸ ಬೆರಗಾಗಿದ್ದ ಕಾಲ.

ಬ್ರಿಟನ್ನಿನ ಆ 1909ರ ಕಾಯಿದೆಯ ಜಾಡಿನಲ್ಲೇ ಬ್ರಿಟಿಷ್ ಭಾರತಕ್ಕೆ 1918ರಲ್ಲಿ ಒಂದು ಕಾಯಿದೆ ಬಂತು. ನನ್ನ ಕಾಲಕ್ಕೆ ನೈಟ್ರೇಟ್ ಹೋಗಿ ಸುಲಭಕ್ಕೆ ಹೊತ್ತಿಕೊಳ್ಳದ ಸೇಫ್ಟಿ ಫಿಲ್ಮು ಬಂದಿದ್ದರೂ ಲೈಸೆನ್ಸು ನೋಡಲು ಬಂದ ಸಾಹೇಬರು ಮೊದಲು ಎಣಿಸುತ್ತಿದ್ದದ್ದು ಬೆಂಕಿ ಆರಿಸಲು ಮರಳು ತುಂಬಿಟ್ಟ ಕೆಂಪು ಬಕೆಟ್ಟುಗಳನ್ನೇ. ಆ ಮರಳಿನಲ್ಲಿ ಬೀಡಿ ತುಂಡುಗಳು ಚುಚ್ಚಿರುತ್ತಿದ್ದವು ಅನ್ನುವುದು ಬೇರೆ ಮಾತು.

ಎಲೆಕ್ಟ್ರಿಕ್ ಸಿನಿಮಾವನ್ನೂ ಬೆಂಕಿ ಬಿಡಲಿಲ್ಲ. ಅದು ಕ್ಯಾಬಿನ್ನಿನಿಂದ ಬಂದದ್ದಲ್ಲ. 2012ರಲ್ಲಿ ಪಕ್ಕದ ಹೋಟೆಲಿನಿಂದ. ದುರಸ್ತಿ ಮಾಡಿ ಅದೇ ಡಿಸೆಂಬರಿನಲ್ಲಿ ಮತ್ತೆ ತೆರೆದರು. ಒಂದು ಕಾಲಕ್ಕೆ ಸುಮಾರು 600 ಜನ ಕೂರುತ್ತಿದ್ದ ಕಡೆ ಈಗ ನೂರು ಜನಕ್ಕೂ ಜಾಗವಿಲ್ಲ, ಹೆಚ್ಚಿನವು ಚರ್ಮದ ಸೋಫಾ ಕುರ್ಚಿಗಳು. ಪರದೆಗೆ ಮೂಗು ತಾಗುವ ಮುಂದಿನ ಸಾಲು, ನಮ್ಮಲ್ಲಿ ಅಗ್ಗದ ಗಾಂಧಿ ಕ್ಲಾಸು, ಅಲ್ಲಿ ಜೋಡಿ ಮಂಚಗಳನ್ನು ಹಾಕಿದ್ದಾರೆ. ಆ ಮಂಚಗಳಿಗೇ ಟಿಕೆಟ್ ದುಬಾರಿ. ಕತ್ತು ನೋವಿಗೆ ಹೆಚ್ಚು ದುಡ್ಡು ಕೊಡುವವರನ್ನು ನಾನು ಅಲ್ಲೇ ಮೊದಲು ಕಂಡದ್ದು.