ಬೀನ್ಸ್ ಸಸಿಯ ಬುಡದಲ್ಲಿ ಯಾರಿದ್ದಾರೆ?

ಬೀನ್ಸ್ ಸಸಿ ಈಗಷ್ಟೇ ಎಲೆ ಬಿಟ್ಟಿದೆ, ಆಗಲೇ ಹಳದಿ! ನೀರು ಕಮ್ಮಿ ಆಯ್ತಾ? ಬುಡ ನೋಡಿ. ಕಾಂಡ ಊದಿ ಸೀಳಿದೆಯಾ? ಹಾಗಾದರೆ ಇದು ಕಾಂಡ ನೊಣದ ಕೆಲಸ.

ಹೆಸರು ಒಫಿಯೊಮಿಯಾ ಫೇಸಿಯೋಲಿ. ಹೊಳೆಯುವ ಕಪ್ಪು ಮೈ, ಉದ್ದ ಸುಮಾರು 2 ಮಿಲಿಮೀಟರ್ ಅಷ್ಟೇ. ಹೆಣ್ಣು ನೊಣ ಎಳೆ ಎಲೆಗೆ ಚುಚ್ಚಿ ಮೊಟ್ಟೆ ಇಡುತ್ತೆ. ಮರಿಹುಳು ಎಲೆಯ ನರ ಹಿಡಿದು, ತೊಟ್ಟು ದಾಟಿ, ಕಾಂಡದ ಸಿಪ್ಪೆಯಡಿ ಸುರಂಗ ಕೊರೆಯುತ್ತಾ ಬುಡಕ್ಕಿಳಿಯುತ್ತೆ. ಅಲ್ಲೇ ಕೋಶವಾಗಿ, ಆಮೇಲೆ ನೊಣವಾಗಿ ಹಾರಿಹೋಗುತ್ತೆ.

ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾ, ಹವಾಯಿ, ಎಲ್ಲೆಡೆ ಇದರ ಕಾಟ. ಅಲಸಂದೆ, ಹೆಸರು, ಉದ್ದನ್ನೂ ಬಿಡಲ್ಲ.

ಏನು ಮಾಡೋದು? ಸತ್ತ ಸಸಿ ಕಿತ್ತು ನಾಶಮಾಡಿ. ಉಳಿದವುಗಳ ಬುಡಕ್ಕೆ ಮಣ್ಣೇರಿಸಿ. ಗಾಯದ ಮೇಲ್ಗಡೆ ಹೊಸ ಬೇರು ಬಂದರೆ ಗಿಡ ಚೇತರಿಸಿಕೊಳ್ಳುತ್ತೆ!